ಬೇಲಿಯ ಟಕ್ ಟಕ್, ಮಿಂಚಿನ ಟ್ವೀಕ್

ಮಿಂಚು ಹೊಡೆದಾಗ ಬೆಳಕಿನ ಜೊತೆ ರೇಡಿಯೋ ಅಲೆಗಳೂ ಹೊರಡುತ್ತವೆ. ನೆಲಕ್ಕೂ, ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಳದ ತಳಕ್ಕೂ ನಡುವೆ ಪುಟಿಯುತ್ತ ಅವು ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಅವನ್ನು ಹಿಡಿದು ದಾಖಲಿಸುವುದು ನನ್ನ ಕೆಲಸ. ಆಂಟೆನಾ ಇರುವುದು ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಅಂಚಿನಲ್ಲಿ.

ಹೊಸದಾಗಿ ಸೇರುವವರೆಲ್ಲ ಮೊದಲು ವಿಸ್ಲರ್ ಬಗ್ಗೆ ವಿಚಾರಿಸುತ್ತಾರೆ. ಅದು ಭೂಮಿಯ ಕಾಂತರೇಖೆಗಳ ಗುಂಟ ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ದಾಟುವ ಅಲೆ. ಕಾಂತೀಯ ಸಮಭಾಜಕ ವೃತ್ತ ದಕ್ಷಿಣ ಭಾರತದ ತುದಿಯ ಬಳಿಯೇ ಹಾದುಹೋಗುವುದರಿಂದ ಕೊಡಗಿನ ಮೇಲೆ ಆ ರೇಖೆಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತವೆ; ಅವುಗಳ ಗುಂಟ ಅಲೆ ಮೇಲೇರಿ ದಾಟಿ ಬರುವುದು ಇಲ್ಲಿ ಅಪರೂಪ. ವಿಸ್ಲರ್ ಬೇಕಿದ್ದರೆ ಉತ್ತರಕ್ಕೆ ಹೋಗಿ ಎನ್ನುತ್ತೇನೆ.

ನಮಗೆ ದಕ್ಕುವುದು ಟ್ವೀಕ್, ಅಂದರೆ ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿದು ಬಂದ ಮಿಂಚಿನ ಅಲೆ; ಅದೂ ಕತ್ತಲಾದ ಮೇಲೆ. ಹೆಡ್‌ಫೋನ್ ಹಾಕಿದರೆ ಒಗ್ಗರಣೆಯ ಸಾಸಿವೆ ಸಿಡಿದಂತಹ ಸದ್ದಿನ ನಡುವೆ ಆಗಾಗ ಒಂದು ಚಿಲಿಪಿಲಿ. ಸಮಯ ಸರಿದಂತೆ ಆವರ್ತನ ತೋರಿಸುವ ಪರದೆಯ ಮೇಲೆ ಅದರ ಗೆರೆ ನೇರವಾಗಿ ಇಳಿದು, 1.7 ಕಿಲೋಹರ್ಟ್ಸ್ ಸುತ್ತಮುತ್ತ ಕೊಕ್ಕೆಯಾಗಿ ಬಾಗುತ್ತದೆ. ಬೆಳಕಿನ ವೇಗವನ್ನು ಆ ಆವರ್ತನದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 88 ಕಿಲೋಮೀಟರ್ ಬರುತ್ತದೆ; ಆ ಹೊತ್ತಿಗೆ ಅಯಾನುಗೋಳದ ತಳ ಇರುವ ಎತ್ತರ ಅದು. ಇಷ್ಟು ಅಗ್ಗದ ಅಳತೆಗೋಲು ಬೇರೊಂದನ್ನು ನಾನು ಕಂಡಿಲ್ಲ.

ಕಷ್ಟವೆಲ್ಲ ನೆಲದ ಮೇಲಿನದು. ವಿದ್ಯುತ್ ತಂತಿಯ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದರ ಮಡಿಗಳಾಗಿ ಮೇಲಿನವರೆಗೂ ಏರುತ್ತದೆ. ಮಳೆಗಾಲದಲ್ಲಿ ಊರಿಗೆಲ್ಲ ಕರೆಂಟ್ ಹೋಗಿ ಜನ ಬೈಯುವಾಗ ಬ್ಯಾಟರಿ ನಂಬಿದ ನನಗೆ ಒಳಗೊಳಗೇ ಖುಷಿ! ಆದರೆ ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಗೆ ಕರೆಂಟ್ ಹೋಗುವುದಿಲ್ಲವಲ್ಲ. ಸೆಕೆಂಡಿಗೆ ಸುಮಾರು ಒಂದರಂತೆ ಅದರ ಟಕ್ ಟಕ್ ದಾಖಲೆಯ ಉದ್ದಕ್ಕೂ ಗೀಟು ಎಳೆಯುತ್ತದೆ.

ನನ್ನ ಜೊತೆಯವರು ತಂತ್ರಾಂಶದಲ್ಲೇ ಅದನ್ನು ಸೋಸಿಬಿಡೋಣ ಎಂದರು. ಸೋಸಬಹುದು, ಆದರೆ ಆ ಗೀಟಿನ ಮೇಲೆ ಬಿದ್ದ ಟ್ವೀಕ್ ಕೂಡ ಕೈಬಿಡುತ್ತದೆ. ನಾನು ಬೇಲಿಯ ಗುಂಟ ನಡೆಯೋಣ ಎಂದೆ. ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಕತ್ತಿ ಹಿಡಿದು ಜೊತೆಗೆ ಬಂದರು. ಒಂದು ಕಡೆ ಒದ್ದೆ ಬಳ್ಳಿಯೊಂದು ತಂತಿಗೆ ತಗುಲಿತ್ತು. ಪ್ರತಿ ಮಿಡಿತಕ್ಕೂ ಅಲ್ಲಿ ನೀಲಿ ಕಿಡಿ. ಕಡಿದು ಹಾಕಿದ ಮೇಲೆ ಗೀಟುಗಳು ಪೂರ್ತಿ ಅಳಿಯದಿದ್ದರೂ ತೆಳುವಾದವು. ಬೇಲಿಗೂ ಬಲ ಬಂತು.

“ಸದ್ದು ಜೋರಾದರೆ ಒಂದು ಫೋನ್ ಮಾಡಿ ಸಾರ್, ಎಲ್ಲೋ ಕಾಡು ತಾಗಿದೆ ಅಂತ ನಮಗೂ ತಿಳಿಯುತ್ತದೆ,” ಎಂದರು ರೈಟರ್. ಈಗ ಬೆಳಿಗ್ಗೆ ದಾಖಲೆ ತೆರೆದು ಮೊದಲು ನೋಡುವುದು ಬೇಲಿಯನ್ನೇ, ಅಯಾನುಗೋಳ ಆಮೇಲೆ.