ಟ್ಯೂಬ್‌ಲೈಟಿನ ಸಾಕ್ಷಿ

ಬೆಲ್ಟ್ ಕರಗಿ ಡಾಂಬರಾಗಿತ್ತು, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಕಲ್ಲಾಗಿತ್ತು, ಟೇಪು ಓದುವ ಹೆಡ್ ಒರೆಸುವಷ್ಟರಲ್ಲಿ ಒಂದು ಡಬ್ಬಿ ಹತ್ತಿಕಡ್ಡಿ ಖಾಲಿಯಾಯಿತು. ಹಳೆಯ ಕ್ಯಾಸೆಟ್ ಡೆಕ್ ಬಿಚ್ಚಿದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಡೆಕ್ ಈಗ ಓಡುತ್ತಿದೆ. ಪರೀಕ್ಷೆಯ ಕ್ಯಾಸೆಟ್ ಹಾಕಿದರೆ 3,000 ಹರ್ಟ್ಸ್‌ನ ಸ್ವರ 3,000ದಲ್ಲೇ ನಿಲ್ಲುತ್ತದೆ, ಅಂದರೆ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲೇ ಹೋಗುತ್ತಿದೆ. ಇಷ್ಟಾದರೂ ಮನೆಯ ಹಳೆಯ ಕ್ಯಾಸೆಟ್ಟಿನಲ್ಲಿ ಕೇಳುವ ಅಜ್ಜಿ ಮಾತ್ರ ಅಜ್ಜಿಯಾಗಿರಲಿಲ್ಲ. ಮೂರು ವಾರ ನನ್ನ ನಿದ್ದೆ ತಿಂದ ಸಮಸ್ಯೆ ಅದು. ನಿನ್ನೆ ರಾತ್ರಿ ಬಗೆಹರಿಯಿತು, ಕೊನೆಯ ಒಂದೂವರೆ ನಿಮಿಷ ಬಿಟ್ಟು.

ಮೊದಲು ಬೆಲ್ಟಿನ ದೂರು ಹೇಳಿ ಮುಗಿಸಿಬಿಡುತ್ತೇನೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಅಳತೆ ಬರೆದುಕೊಟ್ಟು ಚಪ್ಪಟೆ ಬೆಲ್ಟ್ ಕೇಳಿದೆ. ಅಂಗಡಿಯಾತ ಚೌಕ ಬೆಲ್ಟ್ ಕೊಟ್ಟು "ಎರಡು ದಿನ ಓಡಿದರೆ ತಾನೇ ಚಪ್ಪಟೆಯಾಗುತ್ತದೆ" ಎಂದ. ಆನ್‌ಲೈನಿನಲ್ಲಿ ತರಿಸಿದ್ದು ಚಪ್ಪಟೆಯಾಗಿಯೇ ಬಂತು, ಆದರೆ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಬಹುದಿತ್ತು. ಕೊನೆಗೆ ಚೋರ್ ಬಜಾರಿನಲ್ಲಿ ಸತ್ತ ಡೆಕ್ಕೊಂದನ್ನು ತೂಕದ ಲೆಕ್ಕದಲ್ಲಿ ಕೊಂಡು ಅದರ ಹೊಟ್ಟೆಯಿಂದ ಬೆಲ್ಟ್ ಕಿತ್ತೆ. ಅದರ ಮೋಟರೂ ಚೆನ್ನಾಗಿದೆ. ಏನಾದರೂ ಮಾಡಬೇಕು.

ಇನ್ನು ಕ್ಯಾಸೆಟ್ಟಿನ ವಿಷಯ. ಸಿ-60, ಅಂದರೆ ಬದಿಗೆ ಅರ್ಧ ಗಂಟೆಯದು, ಒಂದೇ ಬದಿ ತುಂಬಿದೆ, ಅದೂ ಪೂರ್ತಿಯಲ್ಲ. ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ '24-12-86, ಬೈಕುಲಾ' ಎಂದಿದೆ. ನಮ್ಮದು ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳು ನಡೆಸಿದ ಬಾಸೆಲ್ ಮಿಷನ್ ಕಡೆಯ ಕ್ರೈಸ್ತ ಮನೆತನ. ಅಜ್ಜಿ ಬೈಬಲ್ ಓದಿದ್ದೂ ಮೀನಿನವಳ ಜೊತೆ ಜಗಳವಾಡಿದ್ದೂ ಕನ್ನಡದಲ್ಲೇ, ಮೀನಿನವಳಿಗೆ ಮರಾಠಿ ಬಿಟ್ಟು ಬೇರೆ ಬಾರದಿದ್ದರೂ. ಕ್ರಿಸ್ಮಸ್ ಮುನ್ನಾದಿನ ಮುಂಬೈಯ ಬೈಕುಲಾದ ಚಾಳದ, ಅಂದರೆ ಒಂದೊಂದು ಕೋಣೆಯ ಮನೆಗಳ ಸಾಲುಕಟ್ಟಡದ, ಆ ಒಂದು ಕೋಣೆಯಲ್ಲಿ ಹದಿನೆಂಟು ಮಂದಿ ಸೇರಿ, ಹಾರ್ಮೋನಿಯಂ ಇಟ್ಟುಕೊಂಡು, ಜರ್ಮನ್ ರಾಗಗಳಿಗೆ ಕನ್ನಡ ಪದ ಕೂಡಿಸಿ ಹಾಡುತ್ತಿದ್ದರು. ಕೋಣೆಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ಅದು ಬಾಗಿಲ ಹೊರಗಿನ ನಕ್ಷತ್ರ ದೀಪಕ್ಕೆ ಹೋಗಿತ್ತು. ಹಾಗಾಗಿ ದೊಡ್ಡಪ್ಪ ರೆಕಾರ್ಡರಿಗೆ ನಾಲ್ಕು ದಪ್ಪ ಸೆಲ್ ಹಾಕಿದರು. ಸೆಲ್ ಹೊಸದಾಗಿರಲಿಲ್ಲ. ನನ್ನ ಮೂರು ವಾರದ ಗೋಳಿಗೆ ಮೂಲ ಇಷ್ಟೇ.

ರೋಗ ನಿಮಗೆ ಗೊತ್ತಿರುತ್ತದೆ. ಸೆಲ್ ಸೊರಗಿದಂತೆ ರೆಕಾರ್ಡರಿನ ಮೋಟರ್ ನಿಧಾನವಾಗುತ್ತದೆ. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಮೋಟರಿನ ವೇಗ ಕಾಯುವ ಸರ್ಕ್ಯೂಟ್ ಒಂದು ಹಂತದವರೆಗೆ ಸಂಭಾಳಿಸಿತ್ತು. ಹದಿನಾರು ನಿಮಿಷ ಎಲ್ಲವೂ ನೆಟ್ಟಗಿದೆ, ಹದಿನೇಳರಿಂದ ಜಾರುತ್ತದೆ. ಇಪ್ಪತ್ನಾಲ್ಕನೇ ನಿಮಿಷಕ್ಕೆ ದೊಡ್ಡಪ್ಪನ ಘನವಾದ ಕಂಠ ಎಂಟನೇ ಕ್ಲಾಸಿನ ಹುಡುಗನದಾಗುತ್ತದೆ, ಅಜ್ಜಿಯದು ಸಿಳ್ಳೆಯಾಗುತ್ತದೆ.

ಎಷ್ಟು ಜಾರಿದೆ ಎಂದು ತಿಳಿಯಲು ಅಳತೆಗೋಲೊಂದು ಬೇಕು. ಸಿಕ್ಕಿದ್ದು ಟ್ಯೂಬ್‌ಲೈಟು. ಅದರ ಚೋಕಿನ ಗುಂಯ್ ಸದ್ದು ಹಾಡಿನ ಕೆಳಗೆ ಉದ್ದಕ್ಕೂ ಹರಿದಿದೆ. ಕರೆಂಟು 50 ಹರ್ಟ್ಸ್ ಆದರೆ ಚೋಕು ಗುನುಗುವುದು 100ರಲ್ಲಿ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದ ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಸದ್ದಿನ ಆವರ್ತನಗಳನ್ನು ಗೆರೆಗಳಾಗಿ ತೋರಿಸುವ ಚಿತ್ರದಲ್ಲಿ, 100ರ ಗೆರೆ ಗಂಡಸರ ದನಿಯಲ್ಲಿ ಹೂತುಹೋಗಿತ್ತು. ಅದರ ಮೂರು ಪಟ್ಟು, 300ರ ಬಳಿಯ ಗೆರೆ ಕೂದಲೆಳೆಯಂತೆ ಸ್ಪಷ್ಟ. ಅಲ್ಲದೆ ಅಲ್ಲಿ ಒಂದು ಹರ್ಟ್ಸ್ ತಪ್ಪಿದರೂ ವೇಗದಲ್ಲಿ ಆಗುವ ತಪ್ಪು ಶೇಕಡಾ ಮೂರನೇ ಒಂದು ಮಾತ್ರ. ಗೆರೆ ಇನ್ನೂ ಸೂಕ್ಷ್ಮವಾಗಿ ಕಾಣಲೆಂದು ವಿಂಡೋ ಗಾತ್ರ 32768ಕ್ಕೆ ಏರಿಸಿ ಕುಳಿತೆ. ಮೊದಲ ಹದಿನಾರು ನಿಮಿಷ ಗೆರೆ 294ರಲ್ಲಿ ಮಲಗಿದೆ, ಆಮೇಲೆ ಬೆಟ್ಟ ಹತ್ತಿದಂತೆ 312ರವರೆಗೆ ಏರಿದೆ. ವೇಗ ಏರಿಸಿ ಇಳಿಸುವ ಟೈಮ್ ಟ್ರ್ಯಾಕಿನಲ್ಲಿ ಎಂಬತ್ತಕ್ಕೂ ಹೆಚ್ಚು ಬಿಂದುಗಳನ್ನು ಕೈಯಾರೆ ಇಟ್ಟು ಗೆರೆಯನ್ನು 300ರಲ್ಲಿ ನೇರ ಮಾಡಿದೆ. ಸಂಭ್ರಮದಿಂದ ಅಮ್ಮನನ್ನು ಕರೆದು ಹೆಡ್‌ಫೋನ್ ಕೊಟ್ಟೆ.

ಅಮ್ಮ ಅರ್ಧ ನಿಮಿಷ ಕೇಳಿ, "ಎಲ್ಲರೂ ಕೊನೆಯ ಲೋಕಲ್ ಹಿಡಿಯುವ ಆತುರದಲ್ಲಿದ್ದಾರೆ" ಎಂದು ಹೆಡ್‌ಫೋನ್ ವಾಪಸ್ಸು ಕೊಟ್ಟರು.

ಒಂದು ವಾರ ಅಮ್ಮನ ಕಿವಿಯನ್ನೇ ಅನುಮಾನಿಸಿದೆ. ಎಪ್ಪತ್ತಾರರ ಕಿವಿಯಲ್ಲವೇ? ಎರಡನೇ ಸಾಕ್ಷಿಯನ್ನು ಹುಡುಕಿದೆ. ಒಂಬತ್ತನೇ ನಿಮಿಷದಲ್ಲಿ, ಕೀರ್ತನೆ ಮುಗಿದು ಯಾರೋ ಪುಟ ತಿರುವುವ ಸಂದಿನಲ್ಲಿ, ಪಕ್ಕದ ಗೋವಾದವರ ಮನೆಯಿಂದ ಜಿಮ್ ರೀವ್ಸ್ ತೇಲಿ ಬರುತ್ತಾನೆ. 1964ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ ಈ ಅಮೆರಿಕದ ಗಾಯಕ ಬೈಕುಲಾ, ಮಜಗಾಂವ್, ಬಾಂದ್ರಾದ ಕಿಟಕಿಗಳಲ್ಲಿ ಪ್ರತಿ ಡಿಸೆಂಬರಿಗೂ ತಪ್ಪದೆ ಹಾಜರಾಗುತ್ತಿದ್ದ. ಮೂಲ ಹಾಡಿನ ಪಕ್ಕಕ್ಕಿಟ್ಟು ನೋಡಿದರೆ ನನ್ನ ಮೂಲ ಟೇಪೇ ಶೇಕಡಾ ಒಂದೂವರೆ ಹೆಚ್ಚು ವೇಗ, ಅಂದರೆ ಇಳಿಸಬೇಕು. ಟ್ಯೂಬ್‌ಲೈಟು ಏರಿಸು ಎನ್ನುತ್ತಿದೆ! ಗೋವಾದವರ ಟೇಪ್ ರೆಕಾರ್ಡರ್ ಎಷ್ಟು ವೇಗವಾಗಿ ಓಡುತ್ತಿತ್ತು ಎಂದು ಯಾರನ್ನು ಕೇಳುವುದು? ಆ ಮನೆಯವರು ಚಾಳ ಬಿಟ್ಟು ಹೋಗಿ ಎಷ್ಟೋ ವರ್ಷವಾಯಿತು. ಅವರು ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದ ದೊದೋಲ್ ಎಂಬ ಸಿಹಿ ಮಾತ್ರ ನೆನಪಿದೆ.

ಸಾಕ್ಷಿ ಹುಡುಕುವ ನೆಪದಲ್ಲಿ ಹನ್ನೊಂದನೇ ನಿಮಿಷದಲ್ಲಿ ಹಾದುಹೋಗುವ ಲೋಕಲ್ ರೈಲನ್ನು ಹತ್ತಾರು ಸಲ ಕೇಳಿದೆ. ಅಳತೆಗೆ ಅದು ಉಪಯೋಗವಿಲ್ಲ. ಆದರೂ ಕೇಳಿದೆ. ಡಿಸಿ ವಿದ್ಯುತ್ತಿನಲ್ಲಿ ಓಡುತ್ತಿದ್ದ ಹಳೆಯ ಗಾಡಿ. ಹೊರಡುವಾಗ ನರಳುವ ಆ ಮೋಟರ್, ನಿಂತಾಗ ಹೊಟ್ಟೆಯಡಿ ಬಡಿದುಕೊಳ್ಳುವ ಕಂಪ್ರೆಸರ್. 2016ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗದ ಕೊನೆಯ ಡಿಸಿ ಲೋಕಲ್ ನಿಂತ ಮೇಲೆ ಮುಂಬೈಯಲ್ಲಿ ಆ ಸದ್ದಿಲ್ಲ.

ಗಂಟು ಬಿಚ್ಚಿದ್ದು ಹಾರ್ಮೋನಿಯಂ. ಅದು ಇನ್ನೂ ನಮ್ಮ ಡೊಂಬಿವಲಿ ಮನೆಯ ಅಟ್ಟದಲ್ಲಿತ್ತು. ಗಾಳಿ ಊದುವ ಭಾತೆ ಸೋರುತ್ತದೆ, ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ಸ್ವರ ಅಳೆಯುವ ಮೊಬೈಲ್ ಹಿಡಿದು ಒಂದೊಂದೇ ಕೀಲಿ ಒತ್ತಿದೆ. (ಮುಂದಿನ ಕೆಲಸ ಇದೇ. ಭಾತೆಗೆ ಹೊಸ ಚರ್ಮ, ಸ್ವರ ಹೊರಡಿಸುವ ರೀಡುಗಳಿಗೆ ಸ್ನಾನ. ರೀಡು ಬೇಕಾದರೆ ಗುಜರಾತಿನ ಪಾಲಿತಾಣಾದಿಂದ ತರಿಸುವ ಆಲೋಚನೆಯೂ ಇದೆ. ಚೋರ್ ಬಜಾರಿನ ಮೋಟರಿಗೆ ಪಂಪು ಕಟ್ಟಿ ಗಾಳಿ ಹಾಕಿಸಿದರೆ ಹೇಗೆ? ಹೆಂಡತಿ ಬೇಡ ಎಂದಿದ್ದಾಳೆ. ಹಾಗಾಗಿ ಸದ್ಯಕ್ಕೆ ಕಾಗದದ ಮೇಲೆ.) ಕಪ್ಪು ಒಂದು, ಅಂದರೆ ಮೊದಲ ಕಪ್ಪು ಕೀಲಿ, 276.5 ಹರ್ಟ್ಸ್ ತೋರಿಸಿತು. ಟೇಪಿನ ಮೊದಲ ಹದಿನಾರು ನಿಮಿಷದಲ್ಲಿ, ನಾನು ಕೈ ಹಚ್ಚುವ ಮೊದಲು, ಅದೇ ಸ್ವರ 276.5. ಹಿತ್ತಾಳೆಯ ರೀಡು ಇಷ್ಟು ವರ್ಷದಲ್ಲಿ ಕೂದಲೆಳೆಯಷ್ಟು ಅತ್ತಿತ್ತ ಹೋಗಿರಬಹುದು, ಶೇಕಡಾ ಎರಡರಷ್ಟು ಹೋಗಲಾರದು. ಮಧ್ಯಮ ಒತ್ತಿದಾಗ ಬರುವ ಗೊರಕೆ ಸಹ ಟೇಪಿನಲ್ಲಿದೆ, ಬೇರೆ ಪೆಟ್ಟಿಗೆ ಎನ್ನುವ ಹಾಗಿಲ್ಲ.

ಅಂದರೆ ಟೇಪು ಮೊದಲಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಕರೆಂಟು! ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಇಲ್ಲದ ಆ ಕಾಲದಲ್ಲಿ ಗ್ರಿಡ್ಡಿನ ಆವರ್ತನ 50ರಲ್ಲಿ ನಿಲ್ಲುತ್ತಿರಲಿಲ್ಲ, ಸಂಜೆಯ ಹೊರೆಗೆ 49ಕ್ಕೆ, ಅದಕ್ಕೂ ಕೆಳಗೆ ಕುಸಿಯುತ್ತಿತ್ತು. 49ರ ಆರು ಪಟ್ಟು ಎಷ್ಟು? 294. ಟ್ಯೂಬ್‌ಲೈಟು ಅಂದಿನ ನಿಜವನ್ನೇ ಹೇಳಿತ್ತು, ಇಂದಿನ ಶಿಸ್ತನ್ನು ಅದರ ತಲೆಗೆ ಕಟ್ಟಿದವನು ನಾನು. ಎಂಬತ್ತು ಬಿಂದುಗಳನ್ನು ಉಳಿಸಿಕೊಂಡು ಗೆರೆಯನ್ನು 294ಕ್ಕೆ ಇಳಿಸಿದೆ. ಅಮ್ಮ ಕೇಳಿದರು. ಏನೂ ಹೇಳದೆ ಎರಡನೇ ಕೀರ್ತನೆಯಿಂದ ಜೊತೆಗೆ ಹಾಡತೊಡಗಿದರು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಪ್ರಯೋಗಾಲಯವೂ ಕೊಡಲಾರದು.

ಆದರೆ ಇಪ್ಪತ್ನಾಲ್ಕನೇ ನಿಮಿಷದಲ್ಲಿ 'ಟಕ್' ಎಂದೊಂದು ಸದ್ದು. ಗೆರೆ ಮಾಯ. 'ಸೈಲೆಂಟ್ ನೈಟ್' ಹಾಡುವಾಗ ದೀಪ ಆರಿಸಿ ಮೇಣದಬತ್ತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ಸೆಲ್ ಸಾಯುತ್ತಿರುವ ಹೊತ್ತಿನಲ್ಲೇ ನನ್ನ ಸಾಕ್ಷಿಯ ಬಾಯಿ ಮುಚ್ಚಿಸಿದ್ದರು. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಈ ಹಾಡನ್ನು ಮೊದಲು ಹಾಡಿದ್ದು ಗಿಟಾರಿನ ಜೊತೆಗೆ. ಚರ್ಚಿನ ಆರ್ಗನ್ ಕೆಟ್ಟಿದ್ದರಿಂದ ಹಾಗಾಯಿತು ಎಂಬುದು ಆಮೇಲೆ ಹುಟ್ಟಿದ ಕಥೆಯಂತೆ. ನನಗಂತೂ ಆ ಕಥೆಯ ಮೇಲೆ ಪೂರ್ತಿ ನಂಬಿಕೆ. ಈ ಹಾಡು ಬಂದಲ್ಲಿ ಯಂತ್ರ ಕೆಡುತ್ತದೆ.

ಹಾರ್ಮೋನಿಯಂ ನಡೆಯುತ್ತಿರುವಷ್ಟು ಹೊತ್ತು ಪಾರಾದೆ. ಸಾಲಿನ ಕೊನೆಯ ದೀರ್ಘ ಸ್ವರಗಳನ್ನು ಒಂದೊಂದಾಗಿ ಅಟ್ಟದಿಂದಿಳಿದ ಪೆಟ್ಟಿಗೆಯ ಜೊತೆ ಹೋಲಿಸಿದೆ. ಕಪ್ಪು ಒಂದು ಹಾಡಿನ ಆರಂಭದಲ್ಲಿ 293, ಮುಗಿಯುವಾಗ 303. ನಡುವಿನದನ್ನೆಲ್ಲ ಅದಕ್ಕೆ ತಕ್ಕಂತೆ ಬಾಗಿಸಿದೆ. ಹಾಡು ಮುಗಿದ ಮೇಲಿನ ಒಂದೂವರೆ ನಿಮಿಷದಲ್ಲಿ ಹಾರ್ಮೋನಿಯಂ ಇಲ್ಲ, ದೀಪವಿಲ್ಲ, ಬರಿಯ ಮಾತು. ಅಲ್ಲಿಯವರೆಗಿನ ಏರಿಕೆಯನ್ನು ಹಾಗೇ ಮುಂದಕ್ಕೆ ಎಳೆದರೆ ಶೇಕಡಾ 11 ಬಂತು. ಅಮ್ಮ ಒಪ್ಪಲಿಲ್ಲ. ಮೌಸನ್ನು ಅವರ ಕೈಗೇ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಎಳೆಯುತ್ತ ಹೋಗಿ, "ಅತ್ತೆ ಇಲ್ಲಿದ್ದಾರೆ" ಎಂದು ನಿಲ್ಲಿಸಿದ್ದು 13ರಲ್ಲಿ. ಸಾಯುವ ಸೆಲ್ ಕೊನೆಗೆ ಒಮ್ಮೆಲೇ ಕುಸಿಯುತ್ತದೆ, ನಾನು ಎಳೆದ ನೇರ ಗೆರೆಗೆ ಅದು ಹೇಗೆ ಗೊತ್ತಾಗಬೇಕು? 13 ಎಂದೇ ಬರೆದುಕೊಂಡೆ, ಪಕ್ಕದಲ್ಲಿ 'ಅಮ್ಮ' ಎಂದು.

ಆಗ ಮಾತು ಬಿಡಿಸಿ ಕೇಳಿತು. ಕತ್ತಲಲ್ಲಿ ಕುರುಂ ಕುರುಂ ಎಂದು ಸದ್ದು. ಅಜ್ಜಿ, ಅಜ್ಜಿಯದೇ ದನಿಯಲ್ಲಿ: "ಯಾರದು, ಪ್ರಾರ್ಥನೆಗೆ ಮೊದಲೇ ಗುಲಾಬಿ ಹೂವಿನ ಡಬ್ಬಿಗೆ ಕೈ ಹಾಕಿದ್ದು?" (ಗುಲಾಬಿ ಹೂವು ಎಂದರೆ ಕ್ರಿಸ್ಮಸ್ಸಿನ ಗರಿಗರಿ ಕರಿದ ತಿಂಡಿ.) ಕುರುಂ ನಿಲ್ಲುತ್ತದೆ. ಯಾರೂ ಉತ್ತರಿಸುವುದಿಲ್ಲ.

"ನೀನೇ" ಎಂದರು ಅಮ್ಮ. ಆಗ ನನಗೆ ಏಳು ವರ್ಷ. ಟೇಪಿನಲ್ಲಿ ನಾನು ಇರುವುದು ಅಷ್ಟೇ.