ಬೆರಳನ್ನೇನು ಮಾಡೋದು?

ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಬೆರಳನ್ನೇನು ಮಾಡೋದು? 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಜಾಗ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಎಇಪಿಎಸ್ (ಆಧಾರ್ ಸಂಖ್ಯೆ, ಬೆರಳಚ್ಚು ಕೊಟ್ಟು ಬ್ಯಾಂಕ್ ಖಾತೆಯಿಂದ ಹಣ ತೆಗೆಯುವ ವ್ಯವಸ್ಥೆ) ಮೂಲಕ ದುಡ್ಡು ಹೋಯಿತು. ಓಟಿಪಿ ಇಲ್ಲ, ಮೋಸದ ಕರೆಯೂ ಇಲ್ಲ. ಕ್ರಯಪತ್ರದ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ಕಳ್ಳರಿಗೆ ಸಾಕಾಯಿತು. ಆ ಗುರುತಿನಿಂದ ನಕಲಿ ಅಚ್ಚು ಮಾಡಿ ಯಂತ್ರದ ಮೇಲೆ ಒತ್ತಿದರೆ ಮುಗೀತು.

ನಮ್ಮ ಚಿಕ್ಕಮ್ಮನಿಗೂ ಹೀಗೇ ಆಯಿತು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಗೊತ್ತಾಗಿದ್ದು. ಬ್ಯಾಂಕಿನವರು "ಬೆರಳು ನಿಮ್ಮದೇ ಅಲ್ವಾ ಅಮ್ಮಾ" ಅಂದರಂತೆ. ಕೇಳಿ ಹೊಟ್ಟೆ ಉರಿದುಹೋಯಿತು. ಕಳಕೊಂಡವರೇ ತಾವು ಕಳ್ಳರಲ್ಲ ಅಂತ ಸಾಬೀತು ಮಾಡಬೇಕಾ?

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ ಇನ್ನೊಬ್ಬರ ಗುರುತು ಕದ್ದು ಬಳಸಿದರೆ ಗರಿಷ್ಠ 3 ವರ್ಷ ಜೈಲು, 1 ಲಕ್ಷದವರೆಗೆ ದಂಡ. ಅದೂ ಜಾಮೀನು ಸಿಗುವ ಅಪರಾಧ. ಕಾಯ್ದೆ ಕೇಂದ್ರದ್ದು, ನಿಜ. ಆದರೆ ಪೊಲೀಸ್ ಇಲಾಖೆ, ನೋಂದಣಿ ಕಚೇರಿ ಎರಡೂ ರಾಜ್ಯದ ಕೈಯಲ್ಲೇ ಇವೆಯಲ್ಲ! ಜನ ನಂಬಿ ಕೊಟ್ಟ ಬೆರಳಚ್ಚು ಸೋರಿಹೋದರೆ ಅದನ್ನು ಇಟ್ಟುಕೊಂಡ ಕಚೇರಿಯೇ ಹೊಣೆ ಹೊರಬೇಕು, ಪರಿಹಾರ ಕೊಡಬೇಕು ಅಂತ ರಾಜ್ಯವೇ ಕಾನೂನಿನಲ್ಲಿ ಬರೆದಿಡಲಿ. ಜೈಲಿನ ಅವಧಿ ಹೆಚ್ಚಿಸೋದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ ಅಂತ ನನಗನಿಸುತ್ತೆ.

ಅಲ್ಲಿಯವರೆಗೆ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಮನೆಯ ಹಿರಿಯರ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.