ಕೆನ್ನೆಗೆ ಹೊಡೆದು ಬಿಲ್ ಮಾಡೋ ಅಂಗಡಿ

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಟೀವಿಗೆ ಫೋನ್ ಕನೆಕ್ಟ್ ಮಾಡಿ ಒಂದು ಫ್ರೆಂಚ್ ಶಾರ್ಟ್ ಫಿಲ್ಮ್ ಹಾಕಿದ್ದೆ, 'ಎಂಜಲು ಬದಲಾಯಿಸಿಕೊಳ್ಳೋ ಇಬ್ಬರು' ಅಂತ ಅದರ ಹೆಸರಿನ ಅರ್ಥ, ನತಾಲಿ ಮುಸ್ತಿಯಾಟಾ, ಅಲೆಕ್ಸಾಂಡರ್ ಸಿಂಗ್ ಇಬ್ಬರೂ ಸೇರಿ ಮಾಡಿರೋದು. 36 ನಿಮಿಷ ಅಷ್ಟೇ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿದ್ರು. "ಈಗ್ಲೂ ಕಪ್ಪು ಬಿಳುಪಲ್ಲಿ ತೆಗೀತಾರೇನೋ?" ಅಂದ್ರು. ಹ್ಞೂಂ ಅಂದೆ.

ಕಥೆ ವಿಚಿತ್ರ. ಆ ಊರಲ್ಲಿ ಮುತ್ತು ಕೊಟ್ರೆ ಮರಣದಂಡನೆ. ಏನಾದ್ರೂ ಕೊಂಡ್ರೆ ದುಡ್ಡಿನ ಬದಲು ಕೆನ್ನೆಗೆ ಏಟು ತಿನ್ಬೇಕು. ಮುಖ ಬಾತಿದ್ದಷ್ಟೂ ದೊಡ್ಡ ಮನುಷ್ಯರು. ಆಂಜಿನ್ ಅನ್ನೋ ಶ್ರೀಮಂತ ಹೆಂಗಸು ಬೇಕೋ ಬೇಡ್ವೋ ದೊಡ್ಡ ಅಂಗಡಿಗೆ ಬಂದು ಬಂದು ಕೊಳ್ತಾಳೆ, ಅಲ್ಲಿ ಮಲೇಜ್ ಅಂತ ಸೇಲ್ಸ್ ಹುಡ್ಗಿ. (ಆಂಜಿನ್ ಅಂದ್ರೆ ಗಂಟಲುನೋವಂತೆ, ಹೆಸರುಗಳೇ ಕಾಯಿಲೆ!) ಪ್ಯಾರಿಸ್‌ನ ಗ್ಯಾಲರೀಸ್ ಲಾಫಾಯೆತ್ ಅನ್ನೋ ನಿಜವಾದ ದೊಡ್ಡ ಅಂಗಡಿಯಲ್ಲೇ ಶೂಟ್ ಮಾಡಿರೋದು, ಹಾಗಾಗಿ ಎಲ್ಲಾ ಫಳಫಳ.

ಅಮ್ಮನಿಗೆ ಫ್ರೆಂಚೂ ಬರಲ್ಲ, ಸಬ್‌ಟೈಟಲ್ಲೂ ಓದಕ್ಕಾಗಲ್ಲ. "ಯಾಕೆ ಹೊಡೀತಿದಾಳೆ ಅವ್ಳು?"

"ಬಿಲ್ ಮಾಡ್ತಿದಾಳಮ್ಮ."

ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಹುಡ್ಗಿ ಕೈ ನೋಡು. ಹೊಡೆಯೋ ಕೈಯಲ್ಲ ಅದು" ಅಂದ್ರು.

ಮೂರು ದಿನದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೊಡೆಯೋ ಕೈಯಲ್ಲ ಅದು. ನಾನು ಸಬ್‌ಟೈಟಲ್ ಓದೋದ್ರಲ್ಲಿ ಕೈ ನೋಡಿರ್ಲೇ ಇಲ್ಲ. ಮತ್ತೆ ಹಿಂದಕ್ಕೆ ಹೋಗಿ ನೋಡಿದೆ, ಆ ಊರಲ್ಲಿ ಒಬ್ಬರ ಮುಖ ಮುಟ್ಟೋಕೆ ಕಾನೂನು ಒಪ್ಪೋ ದಾರಿ ಅಂದ್ರೆ ಆ ಏಟೇ, ಅದೂ ಡ್ಯೂಟಿ ಟೈಮಲ್ಲಿ. ಮಲೇಜ್‌ಳ ಕೆಲಸವೇ ಆಂಜಿನ್‌ಗೆ ಅವಳ ಕೈಯಿಂದ ಮುಟ್ಟಿಸಿಕೊಳ್ಳೋ ನೆಪ, ಅದಕ್ಕೇ ಆಂಜಿನ್ ಬೇಡದ್ದೂ ಕೊಳ್ಳೋದು ಅಂತ ನನಗನ್ಸುತ್ತೆ.

ಇನ್ನೊಬ್ಬಳಿದಾಳೆ ಪೆತ್ಯುಲಾಂತ್ ಅಂತ, ಹೊಟ್ಟೆಕಿಚ್ಚಿನ ಸಹೋದ್ಯೋಗಿ. ಎಲ್ರೂ ಅವಳನ್ನ ಬೈತಾರೆ, ನಂಗೆ ಪಾಪ ಅನ್ಸಿತು. ನಿನ್ನೆ ಮೊನ್ನೆ ಬಂದ ಹುಡ್ಗಿ ಹತ್ರ ಗಿರಾಕಿ ಹೋದ್ರೆ ಯಾರಿಗೆ ಉರಿಯಲ್ಲ ಹೇಳಿ, ನಮ್ಮ ಆಫೀಸಲ್ಲೂ ಇಂಥವ್ರು ಇದಾರೆ, ಒಂದೊಂದ್ಸಲ ಅದು ನಾನೇ.

ಅಮ್ಮ ಹನ್ನೆರಡು ವರ್ಷ ಸೀರೆ ಅಂಗಡಿಯಲ್ಲಿ ಕೆಲಸ ಮಾಡಿದವ್ರು. ದಿನಪೂರ್ತಿ ನಿಂತೇ ಇರೋದು, ಗಿರಾಕಿ ಇಲ್ದಾಗ್ಲೂ ಕೂರೋ ಹಾಗಿಲ್ಲ. ಕೇರಳದವ್ರು 2018ರಲ್ಲಿ ಕೂರೋಕೆ ಅಂತಾನೇ ಕಾನೂನು ತಿದ್ದಿದ್ರು ಅಂದಾಗ ನಕ್ಕುಬಿಟ್ಟಿದ್ರು. ಈ ಭಾನುವಾರ ಫಿಲ್ಮ್ ನೋಡ್ತಾ ನಾನು ಕೇಳದೇನೇ ಹೇಳಿದ್ರು: "ಎಲ್ರೂ ನಲವತ್ತು ಸೀರೆ ಬಿಚ್ಚಿಸಿ ಎದ್ದು ಹೋಗೋರು. ಒಬ್ರು ಮಾತ್ರ ಇನ್ನೊಂದು ತುದಿ ಹಿಡ್ಕೊಂಡು ಮಡಚೋಕೆ ನಿಲ್ಲೋರು. ಬೇರೆ ಕೌಂಟರ್‌ಗೆ ಹೋಗ್ತಾನೇ ಇರ್ಲಿಲ್ಲ, ನಾನು ರಜಾ ಇದ್ರೆ ವಾಪಸ್ ಹೋಗೋರಂತೆ."

"ಯಾರಮ್ಮ ಅದು, ಹೆಸರೇನು?"

"ಗಿರಾಕಿ ಹೆಸರು ಯಾರು ಕೇಳ್ತಾರೆ."

ಸೀರೆ ಮಡಚುವಾಗ ಎರಡು ತುದಿ ಸೇರಬೇಕಲ್ಲ, ಆಗ ಎದುರಿನವರ ಬೆರಳು ತಾಗುತ್ತೆ. ಅದನ್ನ ಅಮ್ಮ ಹೇಳಲಿಲ್ಲ, ಖಾಲಿ ಕೈ ಗಾಳಿಯಲ್ಲಿ ಮಡಚಿ ತೋರಿಸಿದ್ರು ಅಷ್ಟೇ.

ಅಷ್ಟರಲ್ಲಿ ಕುಕ್ಕರ್ ಕೂಗ್ತು. ಅವರೆಕಾಳಿನ ಪಾತ್ರೆ ಎತ್ಕೊಂಡು ಏಳ್ತಾ, "ನಿಲ್ಸು ಅದನ್ನ, ನಾನು ಬರೋವರ್ಗೂ ಮುಂದೆ ಬಿಡ್ಬೇಡ" ಅಂದ್ರು.